ರೋಮ ರಾಜ್ಯದ ಏಳಿಗೆ, ಬೀಳುವಿಕೆ, ಮತ್ತು ಅದರಿಂದ ನಮಗಾಗುವ ಬುದ್ಧಿ

ಓದತಕ್ಕ ಭಾಗಗಳು: ಮತ್ತಾಯ 22:15-22, ಅಪೊಸ್ತಲರ ಕೃತ್ಯಗಳು 28:11-16, ರೋಮಾಪುರದವರಿಗೆ 16ನೆಯ ಅಧ್ಯಾಯ.



ಕಳೆದ ಚಳಿಗಾಲದಲ್ಲಿ ದೇವದುರ್ಗ ಮತ್ತು ಮಾನ್ವಿ ಸೀಮೆಯ ಕೆಲವು ಹಳ್ಳಿಗಳ ಸಭೆಯವರು ಕೂಟದ ನಿಮಿತ್ತ ರಾಯಚೂರು ನಗರಕ್ಕೆ ಬಂದಿದ್ದರು. ಕೂಟವು ಮುಗಿದ ಮೇಲೆ ನಾವು ಅವರನ್ನು ಕೋಟೆ ತೋರಿಸುವದಕ್ಕೆ ಕರೆದುಕೊಂಡು ಹೋದೆವು. ಆ ಕೋಟೆಯ ಗೋಡೆಯಲ್ಲಿರುವ ಒಂದು ಕಲ್ಲು ಸುಮಾರು 41 ಅಡಿ ಉದ್ದವಾದದ್ದು. ಕಾಕತೀಯ ಅರಸರ ಅಧಿಕಾರಿಯಾಗಿದ್ದ ಗೋರೆ ಗಂಗಯ್ಯ ರೆಡ್ಡಿಯು 1294ರಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಆ ಕಲ್ಲಿನ ಮೇಲಣ ಶಾಸನವು ಸಾರುತ್ತದೆ. ಅದರ ಬಳಿಯಲ್ಲೇ, ಆ ಕಲ್ಲನ್ನು ಗಣಿಯಿಂದ ತಂದ ಬಗೆಯನ್ನು ಗೋಡೆಯ ಮೇಲೆ ಕೆತ್ತಿದ್ದಾರೆ. ಗಟ್ಟಿ ಗಾಲಿಗಳ ಬಂಡಿ, ಅದನ್ನು ಎಳೆಯುವ ಕೋಣಗಳ ಉದ್ದವಾದ ಸಾಲು, ಹಿಂದಿನಿಂದ ಸನ್ನೆಗೋಲು ಹಾಕಿ ಗಾಲಿಯನ್ನು ಮುಂದೊತ್ತುವ ಆಳುಗಳು, ಇಷ್ಟೂ ಅಲ್ಲಿ ಕಾಣುವವು.

ನಾವು ಶಾಸನದ ಅರ್ಥವನ್ನು ಹೇಳಿ ಮುಗಿಸಿದಾಗ ಒಬ್ಬ ಮುದುಕಿಯು ಮುಂದೆ ಬಂದು, “ಅಯ್ಯನವರೇ, ಕಟ್ಟಿಸಿದವರ ಹೆಸರು ಕಲ್ಲಿನ ಮ್ಯಾಲ ಅದ. ಕಲ್ಲು ಎಳದವರ ಹೆಸರು ಎಲ್ಲಿ ಬರದಾರ?” ಎಂದು ಕೇಳಿದಳು. ಕೂಡಿದ್ದವರು ನಕ್ಕರು, ನಾವೂ ನಕ್ಕು ಮುಂದಕ್ಕೆ ನಡೆದೆವು. ಆದರೆ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಸೆಮಿನರಿಯಲ್ಲಿದ್ದಾಗ ನಾವು ಸಭಾಚರಿತ್ರೆಯೊಡನೆ ರೋಮ ರಾಜ್ಯದ ಚರಿತ್ರೆಯನ್ನೂ ಓದಿ, ಅರಸರ ಹೆಸರುಗಳನ್ನೂ ಯುದ್ಧಗಳ ವರುಷಗಳನ್ನೂ ಬಾಯಿಪಾಠ ಮಾಡಿದ್ದೆವು. ಈಗ ಮುದುಕಿಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದೇ ಚರಿತ್ರೆಯನ್ನು ತಿರಿಗಿ ಓದಿದಾಗ, ಮೊದಲು ಕಾಣದಿದ್ದ ಸಂಗತಿಗಳು ಕಂಡವು. ಅವುಗಳನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಯಾಕಂದರೆ ನಮ್ಮ ಕರ್ತನು ಹುಟ್ಟಿದ್ದೂ ಶಿಲುಬೆಗೆ ಹಾಕಲ್ಪಟ್ಟದ್ದೂ ಆ ರಾಜ್ಯದ ಆಳಿಕೆಯಲ್ಲಿಯೇ.

1. ಏಳಿಗೆ

ಇತಾಲ್ಯ ದೇಶದಲ್ಲಿ ಟೈಬರ್ ಎಂಬ ನದಿಯ ದಡದ ಗುಡ್ಡಗಳ ಮೇಲೆ ಕುರುಬರೂ ಒಕ್ಕಲಿಗರೂ ವಾಸಿಸಿದ ಸಣ್ಣ ಊರು ರೋಮಾಪುರ. ಅದು ಕ್ರಿ.ಪೂ. 753ರಲ್ಲಿ ಸ್ಥಾಪಿತವಾಯಿತೆಂದು ಆ ಜನರು ತಾವೇ ಹೇಳಿಕೊಳ್ಳುತ್ತಿದ್ದರು. ಕ್ರಿ.ಪೂ. 509ರಲ್ಲಿ ಅರಸರನ್ನು ಓಡಿಸಿ, ವರುಷ ವರುಷಕ್ಕೆ ಇಬ್ಬರು ಅಧಿಕಾರಿಗಳನ್ನು ಆರಿಸಿಕೊಂಡು ಹಿರಿಯರ ಸಭೆಯ ಆಲೋಚನೆಯಿಂದ ಆಳಿಕೆ ನಡಿಸಿದರೆಂದು ಅವರ ಚರಿತ್ರೆಯು ಹೇಳುತ್ತದೆ. ಸುಮಾರು ಕ್ರಿ.ಪೂ. 450ರಲ್ಲಿ ತಮ್ಮ ನ್ಯಾಯಪ್ರಮಾಣಗಳನ್ನು ಹನ್ನೆರಡು ಹಲಿಗೆಗಳಲ್ಲಿ ಬರೆಯಿಸಿ ಎಲ್ಲರೂ ನೋಡುವ ಪೇಟೆಯ ಬೈಲಿನಲ್ಲಿ ಇರಿಸಿದರು. ಇದು ಚಿಕ್ಕ ಮಾತಲ್ಲ. ಊರಿನ ಲೆಕ್ಕವು ಒಬ್ಬನ ಪೆಟ್ಟಿಗೆಯೊಳಗೆ ಬಚ್ಚಿಟ್ಟಿರುವದಕ್ಕೂ ಚಾವಡಿಯ ಗೋಡೆಗೆ ಹಚ್ಚಿರುವದಕ್ಕೂ ಎಷ್ಟು ಭೇದವೆಂಬದನ್ನು ಬಡವನಾದವನು ಬಲ್ಲನು.

ಅವರು ಕಟ್ಟುವದರಲ್ಲಿ ಬಹಳ ಜಾಣರು. ಕ್ರಿ.ಪೂ. 312ರಲ್ಲಿ ರೋಮಾಪುರದಿಂದ ದಕ್ಷಿಣಕ್ಕೆ ಅಪ್ಪಿಯ ಮಾರ್ಗವೆಂಬ ಕಲ್ಲುಹಾಸಿನ ದಾರಿಯನ್ನು ಪ್ರಾರಂಭಿಸಿದರು. ಅದೇ ವರುಷದಲ್ಲಿ ಪಟ್ಟಣಕ್ಕೆ ಮೊದಲನೆಯ ನೀರಿನ ಕಾಲುವೆಯನ್ನು ತೆಗೆದರು. ಕ್ರಮೇಣ ಅಂಥ ಕಾಲುವೆಗಳು ಹನ್ನೊಂದಾದವು. ದೂರದ ಬೆಟ್ಟಗಳ ನೀರು ಕಮಾನುಗಳ ಮೇಲೆ ಹರಿದು ಬಂದು ಬೀದಿಬೀದಿಯ ತೊಟ್ಟಿಗಳನ್ನು ತುಂಬಿಸಿತು. ಗ್ರೀಕರಿಂದ ವಿದ್ಯೆಯನ್ನು ಕಲಿತರು. ನ್ಯಾಯಶಾಸ್ತ್ರದಲ್ಲಿ ಗ್ರೀಕರನ್ನೂ ಮೀರಿದರು. ರೋಮಿನ ಹಕ್ಕುಳ್ಳವನನ್ನು ವಿಚಾರಣೆಯಿಲ್ಲದೆ ಹೊಡಿಸಬಾರದೆಂಬ ಕಟ್ಟಳೆಯಿಂದಲೇ ಪೌಲನು ಯೆರೂಸಲೇಮಿನಲ್ಲಿ ಕೊರಡೆಗೆ ತಪ್ಪಿಸಿಕೊಂಡನೆಂದು ಅಪೊಸ್ತಲರ ಕೃತ್ಯಗಳು 22ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಕ್ರಿ.ಪೂ. 27ರಿಂದ ಔಗುಸ್ತ ಕೈಸರನು ಒಬ್ಬನೇ ಆಳತೊಡಗಿದನು. ಆ ಮೇಲೆ ಸುಮಾರು ಇನ್ನೂರು ವರುಷಗಳ ತನಕ ರಾಜ್ಯದ ಹೆಚ್ಚಿನ ಭಾಗದಲ್ಲಿ ಸಮಾಧಾನವಿತ್ತು. ದಾರಿಗಳು ಸುಗಮವಾಗಿದ್ದವು; ಸಮುದ್ರದಲ್ಲಿ ಕಳ್ಳರ ಭಯವು ಕಡಿಮೆಯಾಗಿತ್ತು; ಮೂಡಣ ಸೀಮೆಗಳಲ್ಲೆಲ್ಲಾ ಗ್ರೀಕ್ ಮಾತು ನಡೆಯುತ್ತಿತ್ತು. ದಂಡು ಸಾಗುವದಕ್ಕಾಗಿ ಕಟ್ಟಿದ ಈ ದಾರಿಗಳಲ್ಲಿಯೇ ದೇವರು ತನ್ನ ಸುವಾರ್ತೆಯನ್ನು ಕಳುಹಿಸಿದನು. ಆದಕಾರಣ ನಾವು ಆ ರಾಜ್ಯದ ಒಳ್ಳೇದನ್ನು ಒಳ್ಳೇದೆಂದು ಒಪ್ಪಿಕೊಳ್ಳತಕ್ಕದ್ದು.

2. ಗೋಡೆಯೊಳಗಿನ ಬಿರುಕು

ಈಗ ಮುದುಕಿಯ ಪ್ರಶ್ನೆಯನ್ನು ಕೇಳೋಣ. ಈ ಕಲ್ಲುಗಳನ್ನು ಎಳೆದವರು ಯಾರು?

ಮೊದಲು ರೋಮಾಪುರದ ಬಲವೆಲ್ಲಾ ಸಣ್ಣ ಒಕ್ಕಲಿಗನದು. ಅವನು ಬಿತ್ತುವ ಕಾಲದಲ್ಲಿ ಬಿತ್ತಿ, ಯುದ್ಧದ ಕಾಲದಲ್ಲಿ ಕತ್ತಿ ಹಿಡಿಯುತ್ತಿದ್ದನು. ಆದರೆ ಕಾರ್ಥೇಜಿನ ಹನ್ನಿಬಾಲನ ಸಂಗಡ ಕ್ರಿ.ಪೂ. 218ರಿಂದ 201ರ ವರೆಗೆ ನಡೆದ ಯುದ್ಧದಲ್ಲಿಯೂ ಆ ಮೇಲಿನ ದೂರದೇಶದ ಯುದ್ಧಗಳಲ್ಲಿಯೂ ಒಕ್ಕಲಿಗನು ವರುಷಗಟ್ಟಲೆ ಮನೆ ಬಿಟ್ಟಿರಬೇಕಾಯಿತು. ಹೊಲಗಳು ಬೀಳಾದವು, ಸಾಲವು ಬೆಳೆಯಿತು, ಐಶ್ವರ್ಯವಂತರು ಹೊಲಕ್ಕೆ ಹೊಲ ಕೂಡಿಸಿಕೊಂಡು ದೊಡ್ಡ ಜಮೀನುಗಳನ್ನು ಮಾಡಿಕೊಂಡರು. ಆ ಜಮೀನುಗಳಲ್ಲಿ ದುಡಿಯುವದಕ್ಕೆ ಯುದ್ಧದಲ್ಲಿ ಸೆರೆಸಿಕ್ಕವರನ್ನು ಗುಲಾಮರನ್ನಾಗಿ ತಂದರು. ಸರಕಾರದ ಭೂಮಿಯನ್ನು ಬಡವರಿಗೂ ಹಂಚಬೇಕೆಂದು ಕ್ರಿ.ಪೂ. 133ರಲ್ಲಿ ತಿಬೇರಿಯ ಗ್ರಾಕ್ಕನೆಂಬವನು ಕಟ್ಟಳೆ ತಂದನು. ಅದೇ ವರುಷದಲ್ಲಿ ಹಿರಿಯರ ಸಭೆಯ ಪಕ್ಷದವರೇ ಅವನನ್ನು ಬಡಿದು ಕೊಂದರು.

ಕ್ರಿ.ಪೂ. 73ರಲ್ಲಿ ಸ್ಪಾರ್ತಕನೆಂಬ ಗುಲಾಮನೂ ಅವನ ಜೊತೆಯವರೂ ತಿರುಗಿಬಿದ್ದರು. ಕ್ರಿ.ಪೂ. 71ರಲ್ಲಿ ಅವರು ಸೋತ ಮೇಲೆ, ಸೆರೆಸಿಕ್ಕ 6,000 ಜನರನ್ನು ಕಾಪುವ ಊರಿನಿಂದ ರೋಮಾಪುರದ ತನಕ ಅಪ್ಪಿಯ ಮಾರ್ಗದ ಉದ್ದಕ್ಕೂ ಶಿಲುಬೆಗೆ ಹಾಕಿಸಿದರು. ಆ ದೂರವು ಸುಮಾರು 200 ಕಿಲೋಮೀಟರು, ಅಂದರೆ ಹೆಚ್ಚುಕಡಿಮೆ ರಾಯಚೂರಿನಿಂದ ಹೈದರಾಬಾದಿಗೆ ಇರುವಷ್ಟು. ಮೂವತ್ತು ಮೂವತ್ತೈದು ಮೀಟರಿಗೆ ಒಂದರಂತೆ ಶಿಲುಬೆಗಳು ನಿಂತವು. ಸ್ಪಾರ್ತಕನ ಹೆಸರು ಉಳಿದಿದೆ. ದಾರಿಯಲ್ಲಿ ತೂಗಿದ ಆ 6,000 ಜನರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇನ್ನೊಂದು ಸಂಗತಿಯನ್ನು ನೋಡಿರಿ. ಕ್ರಿ.ಶ. 97ರಲ್ಲಿ ರೋಮಾಪುರದ ಕಾಲುವೆಗಳ ಮೇಲೆ ಫ್ರಾಂತೀನನೆಂಬ ಅಧಿಕಾರಿಯು ನೇಮಕವಾದನು. ಅವನು ಬರೆದ ಪುಸ್ತಕವು ಇಂದಿಗೂ ಇದೆ. ಕಾಲುವೆಯ ಪಕ್ಕದ ಜಮೀನುದಾರರು ಕಳ್ಳತನದಿಂದ ತೂಬು ಇಟ್ಟು ನೀರನ್ನು ತಿರುಗಿಸಿಕೊಳ್ಳುತ್ತಿದ್ದರೆಂದೂ, ನೀರಗಂಟಿಗಳೇ ಗುಪ್ತವಾದ ಕೊಳವೆಗಳನ್ನು ಹಾಕಿ ನೀರನ್ನು ಮಾರುತ್ತಿದ್ದರೆಂದೂ ಅದರಲ್ಲಿ ದೂರಿದ್ದಾನೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿಯ ಒಕ್ಕಲಿಗರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವನು ತನ್ನ ಪಾಲಿಗಿಂತ ಹೆಚ್ಚು ತಿರುಗಿಸಿಕೊಂಡರೆ ಕೊನೆಯವನ ಭತ್ತವು ಹೊಡೆ ತುಂಬುವ ಮುಂಚೆಯೇ ಒಣಗುವದು.

ಈ ಬಿರುಕಿನ ಮೂಲವು ಯಾವದು? ನಮ್ಮ ಕರ್ತನನ್ನು ಮಾತಿನಲ್ಲಿ ಸಿಕ್ಕಿಸಬೇಕೆಂದು ಬಂದವರು, ಕೈಸರನಿಗೆ ತೆರಿಗೆ ಕೊಡುವದು ಸರಿಯೋ ಎಂದು ಕೇಳಿದಾಗ, ಆತನು ಒಂದು ನಾಣ್ಯವನ್ನು ತರಿಸಿ ಅದರ ಮೇಲಿನ ಮುದ್ರೆ ಯಾರದೆಂದು ಕೇಳಿದನು. ಆಗ ಆಳುತ್ತಿದ್ದವನು ತಿಬೇರಿಯ ಕೈಸರನು. ಅವನ ನಾಣ್ಯಗಳು ನಮ್ಮ ಚಿತ್ರದುರ್ಗದ ಹತ್ತಿರ ಚಂದ್ರವಳ್ಳಿಯ ಮಣ್ಣಿನಲ್ಲಿಯೂ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮಿನ ಬೆಳ್ಳಿ ನಾಣ್ಯಗಳ ಗಂಟೇ ದೊರೆಯಿತು. ಮೆಣಸು, ಮುತ್ತು, ನವುರಾದ ಬಟ್ಟೆಗಳಿಗಾಗಿ ವರುಷಕ್ಕೆ 5 ಕೋಟಿ ಸೆಸ್ಟರ್ಸು ಹಣವು ಹಿಂದೂದೇಶಕ್ಕೆ ಹೋಗುತ್ತದೆಂದು ಪ್ಲೀನಿಯೆಂಬ ರೋಮಿನ ಪಂಡಿತನು ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ಬೆಳ್ಳಿಯ ನಾಣ್ಯ; ಅದು ದ್ರಾಕ್ಷೇತೋಟದ ಸಾಮ್ಯದಲ್ಲಿ ಕೂಲಿಯವನಿಗೆ ಗೊತ್ತುಮಾಡಿದ ಒಂದು ದಿನದ ಕೂಲಿ. ಹಾಗಾದರೆ ವರುಷಕ್ಕೆ 1 ಕೋಟಿ 25 ಲಕ್ಷ ದಿನಗಳ ಕೂಲಿಯು ದೊಡ್ಡವರ ಊಟಕ್ಕೂ ಒಡವೆಗೂ ಹಡಗು ಹತ್ತಿತು. ಪ್ಲೀನಿಯು ಹಣ ಹೋಯಿತೆಂದು ದುಃಖಪಟ್ಟನು. ಆ ಕೂಲಿಯನ್ನು ಗಳಿಸಿದ ಕೈಗಳ ಲೆಕ್ಕವು ಅವನ ದೂರಿನಲ್ಲಿ ಇಲ್ಲ.

ಪ್ರಕಟನೆ 18ನೆಯ ಅಧ್ಯಾಯದಲ್ಲಿ ಆ ಮಹಾನಗರಿಯ ವ್ಯಾಪಾರದ ಪಟ್ಟಿ ಇದೆ. ಅದು ಚಿನ್ನದಿಂದ ಪ್ರಾರಂಭವಾಗುತ್ತದೆ. ಬೆಳ್ಳಿ, ರತ್ನ, ಮುತ್ತು, ನಾರುಮಡಿ, ಸುಗಂಧ, ಎಣ್ಣೆ, ಗೋಧಿ, ದನ, ಕುರಿ, ಕುದುರೆ ಇವೆಲ್ಲಾ ಮುಗಿದ ಮೇಲೆ ಕಟ್ಟಕಡೆಗೆ ಮನುಷ್ಯರು ಬರುತ್ತಾರೆ. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನೆಂದು ಓದುತ್ತೇವೆ. ನಾಣ್ಯದ ಮೇಲೆ ಕೈಸರನ ಮುದ್ರೆ. ಮನುಷ್ಯನ ಮೇಲೆ ದೇವರ ಮುದ್ರೆ. ರೋಮನರು ಕೈಸರನ ಮುದ್ರೆಯನ್ನು ತೂಕಮಾಡಿ ಜೋಪಾನ ಮಾಡಿದರು. ದೇವರ ಮುದ್ರೆಯುಳ್ಳದ್ದನ್ನು ಪಟ್ಟಿಯ ಕಡೆಯಲ್ಲಿ ಬರೆದರು.

ಇದನ್ನು ತಿಳಿಯುವದಕ್ಕೆ ಅವರಿಗೆ ಬೆಳಕಿರಲಿಲ್ಲವೆಂದು ಯಾರಾದರೂ ಹೇಳಬಹುದು. ರೋಮನರು ಕಾರ್ಥೇಜಿನೊಡನೆ ಹೋರಾಟಕ್ಕೆ ಇಳಿದ ಶತಮಾನದಲ್ಲಿಯೇ ಅಶೋಕ ಅರಸನು ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಒಂದು ಶಾಸನವನ್ನು ಕೆತ್ತಿಸಿದ್ದನು. ಅದು 1915ರಲ್ಲಿ ಬೆಳಕಿಗೆ ಬಂತು. ಧರ್ಮದಲ್ಲಿ ನಡೆಯುವವನು ದೀನನಾಗಿದ್ದರೂ ಮೇಲಾದ ಗತಿಯನ್ನು ಹೊಂದಬಹುದು, ಅದು ದೊಡ್ಡವರಿಗೆ ಮಾತ್ರವೆಂದು ಎಣಿಸಬಾರದು ಎಂಬದು ಅದರ ತಾತ್ಪರ್ಯ. ದೇವರು ಯಾವ ಜನಾಂಗವನ್ನೂ ಸಾಕ್ಷಿಯಿಲ್ಲದೆ ಬಿಡಲಿಲ್ಲ. ಆದಕಾರಣ ಯಾರಿಗೂ ನೆವವಿಲ್ಲ.

3. ಬೀಳುವಿಕೆ

ರೋಮ ರಾಜ್ಯವು ಯಾಕೆ ಬಿತ್ತೆಂದು ಕೇಳಿದರೆ ಪಂಡಿತರು ಅನೇಕ ಕಾರಣಗಳನ್ನು ಹೇಳುತ್ತಾರೆ. ಕ್ರಿ.ಶ. 165ರಿಂದ ಮಹಾರೋಗವು ಬಂದು ಲಕ್ಷಗಟ್ಟಲೆ ಜನರನ್ನು ಕೊಂದಿತು. 235ರಿಂದ 284ರ ವರೆಗಿನ ಐವತ್ತು ವರುಷಗಳಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಕೈಸರರು ಎದ್ದು ಬಿದ್ದರು. ಬಹು ಮಂದಿ ತಮ್ಮ ದಂಡಿನವರಿಂದಲೇ ಸತ್ತರು. ಔಗುಸ್ತನ ಕಾಲದಲ್ಲಿ ಹೆಚ್ಚುಕಡಿಮೆ ಶುದ್ಧವಾಗಿದ್ದ ಬೆಳ್ಳಿಯ ನಾಣ್ಯದಲ್ಲಿ 270ರ ಹೊತ್ತಿಗೆ ನೂರರಲ್ಲಿ ಐದು ಪಾಲು ಬೆಳ್ಳಿಯೂ ಉಳಿಯಲಿಲ್ಲ. ಗಡಿಗಳ ಮೇಲೆ ಹೊಸ ಹೊಸ ಜನಾಂಗಗಳು ಒತ್ತಿಬಂದವು. ಇಷ್ಟು ಕಾರಣಗಳಿರುವಲ್ಲಿ ಇದೊಂದೇ ಪಾಪದಿಂದ ಬಿತ್ತೆಂದು ನಾವು ದೇವರ ಲೆಕ್ಕದ ಪುಸ್ತಕವನ್ನು ಓದಿದವರಂತೆ ಮಾತಾಡಬಾರದು.

ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳುತ್ತೇವೆ. ಗೋಡೆಯನ್ನು ಹೊತ್ತವರಿಗೆ ಗೋಡೆಯ ಮೇಲೆ ಪ್ರೀತಿಯಿಲ್ಲದೆ ಹೋಯಿತು. 313ರಲ್ಲಿ ಕೊನ್ಸ್ತಂತೀನ ಕೈಸರನು ನಮ್ಮ ಸಭೆಗೆ ಬಿಡುಗಡೆ ಕೊಟ್ಟನು. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಅದೇ ಕೈಸರನು 332ರಲ್ಲಿ, ದಣಿಯ ಹೊಲವನ್ನು ಬಿಟ್ಟು ಓಡಿಹೋಗಬೇಕೆಂದಿರುವ ಒಕ್ಕಲು ಆಳನ್ನು ಗುಲಾಮನಂತೆ ಸಂಕೋಲೆಯಲ್ಲಿ ಇಡಬಹುದೆಂದು ಕಟ್ಟಳೆ ಮಾಡಿದನು. ಕ್ರಿಸ್ತನ ಹೆಸರು ಬಾವುಟದ ಮೇಲೆ ಬಂದಿತ್ತು. ಹೊಲದಲ್ಲಿದ್ದವನ ಕಾಲಿಗೆ ಬೇಡಿ ಹೊಸದಾಗಿ ಬಿತ್ತು. ಇದನ್ನು ಮುಚ್ಚಿಡುವದು ಕ್ರೈಸ್ತರಾದ ನಮಗೆ ತಕ್ಕದ್ದಲ್ಲ. ಮುಂದಿನ ಶತಮಾನದಲ್ಲಿ ಸಾಲ್ವಿಯಾನನೆಂಬ ಸಭಾಸೇವಕನು, ಬಡವರು ತೆರಿಗೆಯವರ ಉಪದ್ರವವನ್ನು ತಾಳಲಾರದೆ ರಾಜ್ಯವನ್ನೇ ಬಿಟ್ಟು ಗೋಥರ ಬಳಿಗೆ ಓಡಿಹೋಗುತ್ತಿದ್ದಾರೆಂದು ಬರೆದನು. ಶತ್ರುವಿನ ಆಶ್ರಯವೇ ಸ್ವಂತ ರಾಜ್ಯಕ್ಕಿಂತ ಹಗುರವಾಗಿ ಕಂಡ ಮೇಲೆ ಇನ್ನು ಯಾವ ಕೋಟೆಯು ನಿಂತೀತು?

410ರಲ್ಲಿ ಗೋಥರ ಅಲರಿಕನು ರೋಮಾಪುರವನ್ನು ಸೂರೆಮಾಡಿದನು. ಹಳೇ ದೇವರುಗಳನ್ನು ಬಿಟ್ಟದ್ದರಿಂದಲೇ ಹೀಗಾಯಿತೆಂದು ಅನೇಕರು ಕ್ರೈಸ್ತರನ್ನು ದೂಷಿಸಿದಾಗ, ಔಗುಸ್ತೀನನು 413ರಿಂದ ಸುಮಾರು ಹದಿಮೂರು ವರುಷಗಳಲ್ಲಿ ದೇವರ ನಗರವೆಂಬ ದೊಡ್ಡ ಗ್ರಂಥವನ್ನು ಬರೆದು ಉತ್ತರ ಕೊಟ್ಟನು. 455ರಲ್ಲಿ ವಂದಾಲರು ಬಂದರು. 476ರಲ್ಲಿ ಪಡುವಣ ರಾಜ್ಯದ ಕಡೇ ಕೈಸರನಾದ ರೊಮುಲನೆಂಬ ಹುಡುಗನನ್ನು ಒದೋವಾಕರನು ಗದ್ದಿಗೆಯಿಂದ ಇಳಿಸಿದನು. ಮೂಡಣ ಭಾಗವು 1453ರ ವರೆಗೆ ಉಳಿಯಿತು. 537ರಲ್ಲಿ ರೋಮಾಪುರವನ್ನು ಮುತ್ತಿದ ಗೋಥರು ಕಾಲುವೆಗಳನ್ನು ಕಡಿದರು. ಹತ್ತು ಲಕ್ಷದಷ್ಟು ಜನರಿದ್ದರೆಂದು ಎಣಿಸುವ ಪಟ್ಟಣದಲ್ಲಿ ಕೆಲವು ಹತ್ತು ಸಾವಿರ ಜನರು ಮಾತ್ರ ಉಳಿದು, ತಿರಿಗಿ ನದಿಯ ನೀರನ್ನು ಹೊತ್ತು ಕುಡಿದರು.

ನಮ್ಮ ಕೋಟೆಯ ಕಥೆಯೂ ಬೇರೆಯಲ್ಲ. ಅದನ್ನು ಕಟ್ಟಿಸಿದ ಕಾಕತೀಯರು 1323ರಲ್ಲಿ ಅಳಿದರು. ಆ ಮೇಲೆ ಬಹಮನಿ ಸುಲ್ತಾನರು, ವಿಜಯನಗರದ ರಾಯರು, ಬಿಜಾಪುರದ ಆದಿಲಶಾಹಿಗಳು, ಮೊಗಲರು, ನಿಜಾಮರು ಎಲ್ಲರೂ ಬಂದು ಹೋದರು. ಕಲ್ಲು ಅಲ್ಲೇ ಇದೆ.

4. ಹೆಸರುಗಳು ಬರೆಯಲ್ಪಟ್ಟ ಪತ್ರ

6,000 ಶಿಲುಬೆಗಳು ನಿಂತ ಮೇಲೆ ಸುಮಾರು ನೂರ ಮೂವತ್ತು ವರುಷಗಳಾದಾಗ ಅದೇ ಅಪ್ಪಿಯ ಮಾರ್ಗದಲ್ಲಿ ಒಬ್ಬ ಸೆರೆಯವನು ಬಂದನು. ಅವನೇ ಶಿಲುಬೆಗೆ ಹಾಕಲ್ಪಟ್ಟ ಯೇಸುವಿನ ಅಪೊಸ್ತಲನಾದ ಪೌಲನು. ರೋಮಾಪುರದ ಸಹೋದರರು ಪಟ್ಟಣದಿಂದ ಹೊರಟು, ಆ ದಾರಿಯಲ್ಲಿರುವ ಅಪ್ಪಿಯ ಪೇಟೆಯ ತನಕ ನಡೆದು ಬಂದು ಅವನನ್ನು ಎದುರುಗೊಂಡರು. ಅವರನ್ನು ಕಂಡು ಅವನು ಧೈರ್ಯ ತಂದುಕೊಂಡನು.

ಆ ಸಹೋದರರು ಯಾರು? ಅದಕ್ಕೆ ಕೆಲವು ವರುಷಗಳ ಮುಂಚೆ ಪೌಲನು ಅವರಿಗೆ ಬರೆದ ಪತ್ರದ ಕಡೇ ಅಧ್ಯಾಯವನ್ನು ತೆಗೆದು ನೋಡಿರಿ. ನಾವು ಅದನ್ನು ಬರೀ ಹೆಸರುಗಳೆಂದು ಅನೇಕ ಸಾರಿ ಓದದೆ ಬಿಡುತ್ತೇವೆ. ಅಂಪ್ಲಿಯಾತನು, ತ್ರುಫೈನಳು, ತ್ರುಫೋಸಳು, ಪೆರ್ಸೀಸಳು, ಹೀಗೆ ಇಪ್ಪತ್ತಕ್ಕಿಂತ ಹೆಚ್ಚು ಜನರನ್ನು ಅವನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ವಂದಿಸುತ್ತಾನೆ. ಇವುಗಳಲ್ಲಿ ಬಹಳ ಹೆಸರುಗಳು ಆ ಕಾಲದ ಗುಲಾಮರಲ್ಲಿಯೂ ಬಿಡುಗಡೆ ಹೊಂದಿದವರಲ್ಲಿಯೂ ಇರುತ್ತಿದ್ದ ಹೆಸರುಗಳೆಂದು ಪಂಡಿತರು ಹೇಳುತ್ತಾರೆ. ಪೌಲನು ಹೇಳಿದಂತೆ ಪತ್ರವನ್ನು ಬರೆದುಕೊಂಡವನ ಹೆಸರು ತೆರ್ತ್ಯ, ಅಂದರೆ ಮೂರನೆಯವನು. ವಂದನೆ ಹೇಳಿದ ಇನ್ನೊಬ್ಬನ ಹೆಸರು ಕ್ವರ್ತ, ಅಂದರೆ ನಾಲ್ಕನೆಯವನು. ಲೋಕವು ಎಣಿಕೆಯಿಂದ ಕರೆದವರನ್ನು ಸಭೆಯು ಸಹೋದರರೆಂದು ಕರೆಯಿತು. ಕೈಸರನ ಪಟ್ಟಣದ ನಡುವೆ ಕಲ್ಲು ಎಳೆದವರ ಹೆಸರುಗಳು ಬರೆದಿರುವ ಒಂದು ಕಾಗದವಿತ್ತು. ಕೈಸರನ ಅರಮನೆಯು ಹಾಳಾಯಿತು. ಆ ಕಾಗದವನ್ನು ನಾವು ಇಂದು ಕನ್ನಡದಲ್ಲಿ ಓದುತ್ತೇವೆ.

5. ನಮ್ಮ ಪುಸ್ತಕ

ಇದನ್ನು ಓದಿದ ಮೇಲೆ ನಾವು ನಮ್ಮ ಸಭಾಪುಸ್ತಕವನ್ನು ತೆರೆದೆವು. ನಾಚಿಕೆಯಿಂದ ಹೇಳುತ್ತೇವೆ: ದೇವದುರ್ಗದ ಕಡೆಯ ಒಂದು ಹಳ್ಳಿಯ ಪುಟದಲ್ಲಿ “ಗುಳೆ ಹೋದವರು, 9 ಮನೆ” ಎಂದು ನಮ್ಮ ಕೈಯಿಂದಲೇ ಬರೆದಿತ್ತು. ಹೆಸರುಗಳಿರಲಿಲ್ಲ. ಬೆಂಗಳೂರಿಗೋ ಹೈದರಾಬಾದಿಗೋ ಕಟ್ಟಡದ ಕೆಲಸಕ್ಕೆ ಹೋದವರು ಹಬ್ಬಕ್ಕೆ ಬಂದರೆ ಬಂದರು, ಇಲ್ಲವಾದರೆ ಇಲ್ಲ ಎಂದು ನಾವು ಲೆಕ್ಕಮಾತ್ರ ಇಟ್ಟಿದ್ದೆವು. ಆ ಒಂಬತ್ತು ಮನೆಗಳಲ್ಲಿ ಒಂದು, ಕೋಟೆಯ ಬಳಿ ನಮ್ಮನ್ನು ಪ್ರಶ್ನೆ ಕೇಳಿದ ಮುದುಕಿಯ ಮಗನದು. ಅವಳು ಯಾರ ವಿಷಯವಾಗಿ ಕೇಳಿದಳೆಂಬದು ಆಗ ನಮಗೆ ತಿಳಿಯಿತು.

ನಾವು ಆ ಊರಿಗೆ ಹೋಗಿ ಅವಳ ಕಟ್ಟೆಯ ಮೇಲೆ ಕೂತು ಪುಸ್ತಕವನ್ನು ತೆರೆದೆವು. ಅವಳು ಮಗನ ಹೆಸರನ್ನೂ ಸೊಸೆಯ ಹೆಸರನ್ನೂ ಎರಡು ಮೊಮ್ಮಕ್ಕಳ ಹೆಸರನ್ನೂ ಹೇಳಿದಳು. ಮೂರನೆಯ ಕೂಸು ಬೆಂಗಳೂರಿನ ತಗಡಿನ ಗುಡಿಸಲಿನಲ್ಲಿ ಹುಟ್ಟಿತ್ತು. ಅದು ಇದೆಯೆಂಬದೇ ನಮಗೆ ತಿಳಿದಿರಲಿಲ್ಲ. ಅದರ ಹೆಸರನ್ನೂ ಬರೆದೆವು. ಓದುಬರಹ ತಿಳಿಯದ ಅವಳು ಆ ಸಾಲಿನ ಮೇಲೆ ಬೆರಳಿಟ್ಟು, “ಇದೇನ್ರೀ ಅವರು?” ಎಂದು ಕೇಳಿ ಸ್ವಲ್ಪ ಹೊತ್ತು ಹಾಗೆಯೇ ಕೂತಳು.

ಪ್ರಿಯ ಸಭೆಯವರೇ, ರೋಮಾಪುರದ ಬಿರುಕು ನಮ್ಮ ಮನೆಗೋಡೆಯಲ್ಲಿಯೂ ಇಲ್ಲವೋ ಎಂದು ನೋಡಿಕೊಳ್ಳುವ ಹಾಗೆ ಮೂರು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು, ಕೂಲಿ. ನಮ್ಮಲ್ಲಿ ಹೊಲವುಳ್ಳವರು ಇದ್ದಾರೆ. ಹತ್ತಿ ಬಿಡಿಸಿದ ಹೆಂಗಸಿಗೆ ಸಾಯಂಕಾಲಕ್ಕೆ ಕೂಲಿ ಸಿಕ್ಕಿತೋ, ಇಲ್ಲವೆ ನಾಳೆ ಬಾ ಎಂಬ ಮಾತು ಸಿಕ್ಕಿತೋ? ತಡೆದಿಟ್ಟ ಕೂಲಿಯು ದೇವರ ಕಿವಿಗೆ ಕೂಗುತ್ತದೆಂದು ಯಾಕೋಬನು ತನ್ನ ಪತ್ರದ 5ನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದಾನೆ. ಕಾಲುವೆಯ ಮೇಲ್ಭಾಗದಲ್ಲಿ ಹೊಲವಿದ್ದವನು ರಾತ್ರಿಯಲ್ಲಿ ತೂಬು ಎತ್ತಿ, ಬೆಳಿಗ್ಗೆ ಆರಾಧನೆಗೆ ಬಂದು ಕೂತರೆ, ಕೆಳಗಿನ ಹೊಲದವನ ಒಣಗಿದ ಪೈರು ಅವನ ಮೇಲೆ ಸಾಕ್ಷಿಯಾಗಿರುವದು.

ಎರಡನೆಯದು, ಮುಂಗಡ. ಜೀತವನ್ನು ಸರಕಾರವು 1976ರ ಕಾಯಿದೆಯಿಂದ ರದ್ದುಮಾಡಿತು. ಆದರೆ ಮದುವೆಗೋ ರೋಗಕ್ಕೋ ಮುಂಗಡ ಕೊಟ್ಟು, ಅದು ತೀರುವ ವರೆಗೆ ಗಂಡಹೆಂಡರನ್ನು ಕೆಲಸದ ಸ್ಥಳದಿಂದ ಕದಲದಂತೆ ಕಟ್ಟಿಹಾಕುವದು ಜೀತವಲ್ಲದೆ ಮತ್ತೇನು? ನಮ್ಮ ಸಭೆಗಳ ಕೆಲವರು ಈಗ ಮೇಸ್ತ್ರಿಗಳಾಗಿ ಜನರನ್ನು ಕರೆದುಕೊಂಡು ಹೋಗುವವರಾಗಿದ್ದಾರೆ. ಕೊನ್ಸ್ತಂತೀನನ ಕಟ್ಟಳೆಯನ್ನು ನೆನಪುಮಾಡಿಕೊಳ್ಳಿರಿ. ಕ್ರಿಸ್ತನ ಹೆಸರು ಹೊತ್ತ ಕೈಯಿಂದಲೇ ಬೇಡಿ ಹಾಕಲಿಕ್ಕಾಗುತ್ತದೆ. ಲೆಕ್ಕವನ್ನು ಬರೆದು ಅವರ ಕೈಗೆ ಕೊಡಿರಿ, ಹೋಗಬೇಕೆನ್ನುವವರನ್ನು ಹೋಗಗೊಡಿಸಿರಿ.

ಮೂರನೆಯದು, ಹೆಸರು. ಪ್ರತಿಯೊಂದು ಹಳ್ಳಿಯ ಹಿರಿಯರು ತಮ್ಮ ಊರಿನಿಂದ ಗುಳೆ ಹೋದವರ ಹೆಸರುಗಳನ್ನು, ಕೂಸುಗಳ ಸಹಿತವಾಗಿ, ಬರೆದುಕೊಳ್ಳಲಿ. ಪ್ರತಿ ತಿಂಗಳ ಮೊದಲನೆಯ ಆದಿತ್ಯವಾರ ಪ್ರಾರ್ಥನೆಯಲ್ಲಿ ಆ ಹೆಸರುಗಳನ್ನು ಗಟ್ಟಿಯಾಗಿ ಓದಲಿ. ಹೊತ್ತು ಹೋಗುತ್ತದೆಂದು ಯಾರೂ ಬೇಸರಪಡಬಾರದು. ಪೌಲನಿಗೂ ಪತ್ರದಲ್ಲಿ ಸ್ಥಳವು ಕಡಿಮೆಯೇ ಇತ್ತು.

ನಾವು ಆ ಮುದುಕಿಗೆ ಕೋಟೆಯ ಬಳಿ ಕೊಡಲಾರದ ಉತ್ತರವನ್ನು ಇಲ್ಲಿ ಬರೆದು ಮುಗಿಸುತ್ತೇವೆ. ಅವ್ವಾ, ಕಲ್ಲು ಎಳೆದವರ ಹೆಸರು ಕಲ್ಲಿನ ಮೇಲೆ ಇಲ್ಲ. ಒಳ್ಳೇ ಕುರುಬನು ತನ್ನ ಕುರಿಗಳನ್ನು ಒಂದೊಂದನ್ನಾಗಿ ಹೆಸರು ಹಿಡಿದು ಕರೆಯುವವನಾದದರಿಂದ, ಆತನ ಬಳಿಯಲ್ಲಿ ಅವು ತಪ್ಪದೆ ಇವೆ. ನಮ್ಮ ಪುಸ್ತಕದಲ್ಲಿ ಅವು ಇರಲಿಲ್ಲ. ಆ ತಪ್ಪು ನಮ್ಮದು.

ಪರಲೋಕದಲ್ಲಿರುವ ತಂದೆಯೇ, ನಿನ್ನ ಸ್ವರೂಪವನ್ನು ಹೊತ್ತಿರುವವರನ್ನು ನಾವು ಎಣಿಕೆಯಾಗಿ ಕಾಣದಂತೆ ನಮ್ಮ ಕಣ್ಣುಗಳನ್ನು ತೆರೆ. ದೂರದ ಊರುಗಳಲ್ಲಿ ಕಲ್ಲು ಹೊರುವ ನಮ್ಮವರನ್ನು ಕಾಪಾಡು. ನಮ್ಮ ಕೈಯಲ್ಲಿ ಯಾರದಾದರೂ ಕೂಲಿಯು ಉಳಿದಿದ್ದರೆ, ಹೊತ್ತು ಮುಳುಗುವ ಮುಂಚೆ ಅದನ್ನು ಕೊಟ್ಟುಬಿಡುವ ಮನಸ್ಸನ್ನು ಕೊಡು. ಕರ್ತನಾದ ಯೇಸುವಿನ ಮುಖಾಂತರ ಬೇಡಿಕೊಳ್ಳುತ್ತೇವೆ. ಆಮೆನ್.